ಗಡಿ ದಾಟಿ ಓದುವವರ ಲೆಕ್ಕ: ಅಂಕಿಗಳನ್ನು ಹೋಲಿಸುವುದು ಹೇಗೆ? ರಾಯಚೂರಿನಿಂದ ಒಂದು ಸಮಗ್ರ ಮಾರ್ಗದರ್ಶಿ

1955ರಲ್ಲಿ ರಾಯಚೂರಿನ ಹುಡುಗನೊಬ್ಬ ಉಸ್ಮಾನಿಯಾ ವಿಶ್ವವಿದ್ಯಾಲಯ ಸೇರಲು ಹೈದರಾಬಾದಿಗೆ ಹೊರಟರೆ, ಅವನು ತನ್ನದೇ ರಾಜ್ಯದ ರಾಜಧಾನಿಗೆ ಹೋಗುತ್ತಿದ್ದ. 1957ರಲ್ಲಿ ಅವನ ತಮ್ಮ ಅದೇ ಕಾಲೇಜಿಗೆ, ಅದೇ ರೈಲು ಹತ್ತಿ ಹೋದರೆ ಹೊರರಾಜ್ಯದ ವಿದ್ಯಾರ್ಥಿ. ನಡುವೆ 1956ರ ನವೆಂಬರ್ 1 ಬಂದು ಹೋಗಿತ್ತು. ಬಳ್ಳಾರಿಯಲ್ಲಿ ಇದೇ ಕತೆ ಮೂರು ವರ್ಷ ಮೊದಲು ನಡೆದಿತ್ತು. 1953ರ ಅಕ್ಟೋಬರ್ 1ರವರೆಗೆ ಅದು ಮದ್ರಾಸ್ ರಾಜ್ಯದ ಜಿಲ್ಲೆ. ಮದ್ರಾಸಿಗೆ ಓದಲು ಹೋದವರು ರಾಜ್ಯದ ಒಳಗೇ ಇದ್ದವರು, ಬೆಂಗಳೂರಿಗೆ ಹೋದವರು ಗಡಿ ದಾಟಿದವರು. ಆ ದಿನದಿಂದ ಎರಡೂ ಅದಲುಬದಲು. ಆದೋನಿ, ಆಲೂರು, ರಾಯದುರ್ಗದ ಮಕ್ಕಳಿಗಂತೂ ನಿನ್ನೆಯವರೆಗಿನ ಜಿಲ್ಲಾಕೇಂದ್ರವೇ ಪರರಾಜ್ಯವಾಯಿತು.

ಸಂಖ್ಯಾಶಾಸ್ತ್ರದ ಮೊದಲ ತರಗತಿಯಲ್ಲಿ ನಾನು ಪ್ರತಿವರ್ಷ ಹೇಳುವುದು ಇದನ್ನೇ. 1955ರ ಅಂಕಿಯನ್ನೂ 1957ರ ಅಂಕಿಯನ್ನೂ ಪಕ್ಕಪಕ್ಕ ಬರೆದು "ಹೊರಗೆ ಹೋಗಿ ಓದುವವರು ಒಮ್ಮೆಲೇ ಏರಿದರು" ಅಂದರೆ, ಎರಡೂ ಅಂಕಿ ಸರಿಯಿದ್ದೂ ಮಾತು ಸುಳ್ಳಾಗುತ್ತದೆ.

ಈಗ ಈ ಮಾತು ತರಗತಿಯಲ್ಲೇ ಉಳಿಯುವಂಥದ್ದಲ್ಲ. ಪಿಯುಸಿ ಫಲಿತಾಂಶ ಬಂದ ಮೇಲೆ ಸಿಂಧನೂರು, ಮಾನ್ವಿ, ಲಿಂಗಸುಗೂರು ಕಡೆಯ ಪಾಲಕರು ಕರಪತ್ರ ಹಿಡಿದುಕೊಂಡು ಬರುತ್ತಾರೆ. "ಸರ್, ಆ ದೇಶಕ್ಕ ಹೋಗೋ ನಮ್ ಹುಡ್ರು ಇಷ್ಟ್ ಜಾಸ್ತಿ ಆಗ್ಯಾರಂತ, ನಮ್ಮವನ್ನೂ ಕಳಸಬಹುದಾ?" ಎಂದು ಕೇಳುತ್ತಾರೆ. ಕೆಲವರು ಹೊಲ ಅಡವಿಡಲು ಸಿದ್ಧರಾಗಿಯೇ ಬಂದಿರುತ್ತಾರೆ. ಅಂಥವರ ಕೈಯಲ್ಲಿರುವ ಅಂಕಿ ಏನನ್ನು ಎಣಿಸಿದೆ ಎಂದು ಅವರಿಗೆ ಗೊತ್ತಿರಬೇಕು. ಅವರಿಗೂ, ಜಿಲ್ಲೆಯ ಬಗ್ಗೆ ವರದಿ ಬರೆಯುವ ಪತ್ರಕರ್ತರಿಗೂ, ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳಿಗೂ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

"ನಮ್ಮ ಜಿಲ್ಲೆಯಿಂದ ಹೊರಗೆ ಓದಲು ಹೋಗುವವರು ಹೆಚ್ಚಾಗಿದ್ದಾರಾ?" ಎಂಬುದು ಕಟ್ಟೆಯ ಮೇಲೆ ಕೂತು ಆಡುವ ಮಾತಿಗೆ ಸಾಕು, ಲೆಕ್ಕಕ್ಕೆ ಸಾಲದು. ಅದನ್ನು ಹೀಗೆ ಬಿಗಿಮಾಡಿ: "ರಾಯಚೂರು ಜಿಲ್ಲೆಯಲ್ಲಿ ಪಿಯುಸಿ ಮುಗಿಸಿದವರ ಪೈಕಿ, ಅದೇ ವರ್ಷದ ಡಿಸೆಂಬರ್ ಒಳಗೆ ಕರ್ನಾಟಕದ ಹೊರಗಿನ ಕಾಲೇಜಿನಲ್ಲಿ ಪದವಿಗೆ ದಾಖಲಾದವರು ಎಷ್ಟು?" ಯಾರು, ಎಲ್ಲಿಂದ, ಎಲ್ಲಿಗೆ, ಯಾವ ಮಟ್ಟದ ಓದಿಗೆ, ಯಾವ ದಿನಾಂಕಕ್ಕೆ: ಈ ಐದೂ ವಾಕ್ಯದಲ್ಲಿ ಇರಲಿ. ಒಂದು ಬಿಟ್ಟುಹೋದರೂ ಮುಂದೆ ಸಿಗುವ ಯಾವ ಅಂಕಿಯಾದರೂ ನಿಮ್ಮ ಪ್ರಶ್ನೆಗೆ ಉತ್ತರದ ಹಾಗೆ ಕಾಣತೊಡಗುತ್ತದೆ.

ಹೆಜ್ಜೆ 2: ಯಾವ ಗಡಿ, ಯಾರ ಊರು?

ರಾಯಚೂರಿನಿಂದ ಕಲಬುರಗಿಗೆ ರೈಲಿನಲ್ಲಿ ಹೋಗುವ ಹುಡುಗಿ ಹೋಗುವಾಗಲೂ ಬರುವಾಗಲೂ ತೆಲಂಗಾಣದ ನೆಲ ಹಾದುಹೋಗುತ್ತಾಳೆ. ಕೃಷ್ಣಾ ಸ್ಟೇಷನ್ ಇರುವುದು ಆ ರಾಜ್ಯದಲ್ಲಿ. ಆದರೂ ಅವಳನ್ನು ಗಡಿ ದಾಟಿ ಓದುವವಳು ಎನ್ನುವುದಿಲ್ಲ. ಹಾಗಾದರೆ ಯಾರನ್ನು ಅನ್ನಬೇಕು? ಯುನೆಸ್ಕೊ ಕೊಡುವ ಉತ್ತರ ಸರಳ: ಓದುವ ಉದ್ದೇಶದಿಂದಲೇ ದೇಶದ ಗಡಿ ದಾಟಿ, ತನ್ನ ಮೂಲ ದೇಶದ ಹೊರಗೆ ದಾಖಲಾಗಿರುವವರು. ಇದರಲ್ಲಿ "ಮೂಲ ದೇಶ" ಎಂಬ ಎರಡು ಪದ ತಕರಾರು ತೆಗೆಯುತ್ತವೆ.

ಮೂಲವನ್ನು ನಾಲ್ಕು ರೀತಿ ಗುರುತಿಸುತ್ತಾರೆ. ಪೌರತ್ವ ನೋಡಿ, ಕಾಯಂ ವಾಸ ನೋಡಿ, ಕೊನೆಯ ವಾಸದ ಸ್ಥಳ ನೋಡಿ, ಇಲ್ಲವೇ ಹಿಂದಿನ ಶಾಲೆ ಎಲ್ಲಿತ್ತು ಎಂದು ನೋಡಿ. ಬ್ರಿಟನ್ನಿನ ಉನ್ನತ ಶಿಕ್ಷಣ ಅಂಕಿಅಂಶ ಸಂಸ್ಥೆ ಹೆಸಾ, ಕೋರ್ಸು ಸೇರುವ ಮೊದಲು ವಿದ್ಯಾರ್ಥಿ ಎಲ್ಲಿ ವಾಸವಿದ್ದ ಎಂದು ಕೇಳುತ್ತದೆ. ಜರ್ಮನಿ ಹೊರದೇಶದಲ್ಲಿ ಶಾಲೆ ಮುಗಿಸಿ ಬಂದವರನ್ನೂ, ಜರ್ಮನಿಯಲ್ಲೇ ಶಾಲೆ ಓದಿದ ವಿದೇಶಿ ಪೌರರನ್ನೂ ಬೇರೆಬೇರೆ ಎಣಿಸುತ್ತದೆ. ನಮ್ಮ ದೇಶದ ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆ, ಅಂದರೆ ಎಐಎಸ್‌ಎಚ್‌ಇ, 2021-22ರಲ್ಲಿ 46,878 ವಿದೇಶಿ ವಿದ್ಯಾರ್ಥಿಗಳನ್ನು ಲೆಕ್ಕಹಾಕಿತು. ಅವರಲ್ಲಿ ನೇಪಾಳದವರು ಶೇ 28, ಅಮೆರಿಕದವರು ಸುಮಾರು ಶೇ 6. ಅಮೆರಿಕದಿಂದ ಇಷ್ಟು ಜನ ಭಾರತಕ್ಕೆ ಓದಲು ಯಾಕೆ ಬರುತ್ತಾರೆ ಎಂದು ಹುಡುಗರು ಕೇಳುತ್ತಾರೆ. ಲೆಕ್ಕ ಪೌರತ್ವದ್ದು. ಅಲ್ಲಿ ಹುಟ್ಟಿ, ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬಂದು, ಬೆಂಗಳೂರಿನಲ್ಲೇ ಶಾಲೆ ಓದಿದವರೂ ಅದರಲ್ಲಿ ಸೇರಬಹುದು.

ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ಸಂವಿಧಾನದ 371(ಜೆ) ವಿಧಿಯಡಿ ಹೊರಡಿಸಿದ ಆದೇಶದ ಪ್ರಕಾರ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು, ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟು ಈ ಭಾಗದ ಸ್ಥಳೀಯರಿಗೆ. ಹಾಗಾಗಿ ಪ್ರವೇಶದ ದಾಖಲೆಯಲ್ಲಿರುವ "ಸ್ಥಳೀಯ" ಎಂಬುದು ಕಾನೂನಿನ ಪದ. ಹತ್ತು ವರ್ಷ ಬೆಂಗಳೂರಿನಲ್ಲೇ ಬೆಳೆದ ಕೊಪ್ಪಳದ ಮನೆತನದ ಹುಡುಗಿಗೆ ಅರ್ಹತಾ ಪ್ರಮಾಣಪತ್ರ ಇದ್ದರೆ, ಕಾಗದದ ಮೇಲೆ ಅವಳು ಕೊಪ್ಪಳದವಳೇ. ಅವಳು ಬೆಂಗಳೂರಿನ ಕಾಲೇಜು ಸೇರಿದ್ದನ್ನು "ಕೊಪ್ಪಳದಿಂದ ಬೆಂಗಳೂರಿಗೆ ವಲಸೆ" ಎಂದು ಬರೆದರೆ, ನಡೆಯದೇ ಇದ್ದ ಪ್ರಯಾಣವೊಂದನ್ನು ದಾಖಲಿಸಿದ ಹಾಗೆ.

ಹೆಜ್ಜೆ 3: ಎಣಿಸಿದವರು ಯಾರು, ಎಣಿಸಿದ್ದು ಏನನ್ನು?

ನಮ್ಮ ಮಾರುಕಟ್ಟೆಯಲ್ಲಿ ಒಬ್ಬರು ಭತ್ತವನ್ನು 75 ಕೆಜಿ ಚೀಲದಲ್ಲಿ ಹೇಳುತ್ತಾರೆ, ಇನ್ನೊಬ್ಬರು ಕ್ವಿಂಟಲ್‌ನಲ್ಲಿ. ಚೀಲದ ದರವನ್ನು ಕ್ವಿಂಟಲ್ ದರದ ಜೊತೆ ಹೋಲಿಸಿ ಯಾರೂ ವ್ಯಾಪಾರ ಮಾಡುವುದಿಲ್ಲ. ವಿದ್ಯಾರ್ಥಿಗಳ ಅಂಕಿಗಳಲ್ಲಿ ಮಾತ್ರ ಆ ತಪ್ಪು ದಿನಾ ನಡೆಯುತ್ತದೆ. ಎಣಿಸುವವರಲ್ಲಿ ಒಬ್ಬರು ತಲೆ ಎಣಿಸಿರುತ್ತಾರೆ, ಒಬ್ಬರು ವೀಸಾ, ಒಬ್ಬರು ವಿಮಾನ ಹತ್ತಿದ ಸಲ, ಮತ್ತೊಬ್ಬರು ಕೋರ್ಸಿನ ದಾಖಲಾತಿ.

ಭಾರತದ ವಲಸೆ ಬ್ಯೂರೊ, ದೇಶ ಬಿಡುವಾಗ ಓದಿಗೆ ಹೋಗುತ್ತಿದ್ದೇವೆ ಎಂದವರನ್ನು ಎಣಿಸುತ್ತದೆ. ಪ್ರಯಾಣಿಕರು ಬಾಯಲ್ಲಿ ಹೇಳಿದ್ದು, ಇಲ್ಲವೇ ತೋರಿಸಿದ ವೀಸಾದ ಬಗೆ: ಇವೇ ಆಧಾರ ಎಂದು ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಎಣಿಕೆ ನಿರ್ಗಮನದ್ದು. ದೀಪಾವಳಿಗೆ ಊರಿಗೆ ಬಂದು ಮತ್ತೆ ಹೊರಟ ವಿದ್ಯಾರ್ಥಿ ಎರಡನೇ ಸಲವೂ ಲೆಕ್ಕಕ್ಕೆ ಬೀಳಬಹುದು. ವಿದೇಶಾಂಗ ಸಚಿವಾಲಯ ಕೊಡುವುದು ಬೇರೆಯೇ ಲೆಕ್ಕ: ರಾಯಭಾರ ಕಚೇರಿಗಳ ಮೂಲಕ, ಸದ್ಯ ಯಾವ ದೇಶದಲ್ಲಿ ಎಷ್ಟು ಭಾರತೀಯ ವಿದ್ಯಾರ್ಥಿಗಳು ಇದ್ದಾರೆ ಎಂಬ ಅಂದಾಜು. 2024ರಲ್ಲಿ ಅದು ಸುಮಾರು 13.3 ಲಕ್ಷ. ಯುನೆಸ್ಕೊದ ಸಂಖ್ಯೆ ಇದಕ್ಕಿಂತ ಬಹಳ ಕಡಿಮೆ, 2021ಕ್ಕೆ 5 ಲಕ್ಷದ ಆಸುಪಾಸು. ಅದು ಪದವಿಯ ಓದಿಗೆ ಅಧಿಕೃತವಾಗಿ ದಾಖಲಾದವರನ್ನು ಮಾತ್ರ, ಅದೂ ದೇಶಗಳು ವರದಿ ಕಳಿಸಿದ ಮೇಲೆ, ಎಣಿಸುತ್ತದೆ. ವರದಿ ಕಳಿಸದ ದೇಶದಲ್ಲಿ ಓದುವವರು ಆ ಲೆಕ್ಕದಲ್ಲಿ ಇರುವುದೇ ಇಲ್ಲ.

ಕೆನಡಾದ ವಲಸೆ ಇಲಾಖೆ ಎಣಿಸುವುದು ಓದಿನ ಪರವಾನಗಿ ಇರುವವರನ್ನು. 2023ರ ಕೊನೆಗೆ ಅಂಥ ಭಾರತೀಯರು ಸುಮಾರು 4.27 ಲಕ್ಷ. ಪರವಾನಗಿ ಇದ್ದವರೆಲ್ಲ ತರಗತಿಯಲ್ಲಿ ಇರುತ್ತಾರೆ ಎಂದಲ್ಲ. 2024ರ ವಸಂತದಲ್ಲಿ ಸುಮಾರು 50 ಸಾವಿರ ಜನ ತಾವು ಸೇರಬೇಕಾದ ಕಾಲೇಜಿಗೆ ಹಾಜರಾಗಿಲ್ಲ ಎಂದು ಸಂಸ್ಥೆಗಳೇ ಅಲ್ಲಿನ ಸರ್ಕಾರಕ್ಕೆ ತಿಳಿಸಿದವು. ಅವರಲ್ಲಿ ಸುಮಾರು 20 ಸಾವಿರ ಭಾರತೀಯರು. ಆಸ್ಟ್ರೇಲಿಯಾದ ಪಟ್ಟಿಗಳಲ್ಲಿ "ದಾಖಲಾತಿ" ಮತ್ತು "ವಿದ್ಯಾರ್ಥಿ" ಎಂಬ ಎರಡು ಕಾಲಂ ಬೇರೆಬೇರೆ ಇರುತ್ತವೆ. ಇಂಗ್ಲಿಷ್ ಕೋರ್ಸು ಮುಗಿಸಿ ಅದೇ ವರ್ಷ ಡಿಪ್ಲೊಮಾ ಸೇರಿದರೆ ಒಬ್ಬನೇ ಹುಡುಗ, ಎರಡು ದಾಖಲಾತಿ. ಇನ್ನು ನೇಪಾಳದ ಗಡಿ ತೆರೆದ ಗಡಿ; ಆ ಕಡೆಗಾಗಲಿ ಈ ಕಡೆಗಾಗಲಿ ವೀಸಾ ಬೇಡ. ವೀಸಾ ಎಣಿಸುವ ಯಾವ ಲೆಕ್ಕದಲ್ಲೂ ಆ ವಿದ್ಯಾರ್ಥಿಗಳು ಸಿಗುವುದಿಲ್ಲ.

ವಿದೇಶದಲ್ಲಿ ಎಂಬಿಬಿಎಸ್ ಓದಿ ಬಂದವರು ಇಲ್ಲಿ ಬರೆಯುವ ಎಫ್‌ಎಂಜಿಇ ಪರೀಕ್ಷೆಯ ಅಂಕಿಗಳನ್ನೂ ಕೆಲವರು ಹೋಗಿಬಂದವರ ಲೆಕ್ಕಕ್ಕೆ ಬಳಸುತ್ತಾರೆ. ಬಳಸಬೇಡಿ. ಆ ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯುತ್ತದೆ, ನಪಾಸಾದವರು ಮತ್ತೆ ಬರೆಯುತ್ತಾರೆ. ಅಲ್ಲಿರುವುದು ಪ್ರಯತ್ನಗಳ ಸಂಖ್ಯೆ.

ಹೆಜ್ಜೆ 4: ಸಂಗ್ರಹವೋ ಒಳಹರಿವೋ?

ಇದನ್ನು ತುಂಗಭದ್ರೆಯ ಜನಕ್ಕೆ ವಿವರಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ನಾವು ಎರಡು ಅಂಕಿ ನೋಡುತ್ತೇವೆ: ಜಲಾಶಯದಲ್ಲಿ ಎಷ್ಟು ಟಿಎಂಸಿ ನೀರಿದೆ, ಒಳಹರಿವು ಎಷ್ಟು ಕ್ಯುಸೆಕ್. ಒಳಹರಿವು ಇಳಿದ ದಿನವೂ ಸಂಗ್ರಹ ಏರುತ್ತಿರಬಹುದು. ನಾಲೆಗೆ ಬಿಟ್ಟ ನೀರಿಗಿಂತ ಬಂದ ನೀರು ತುಸು ಹೆಚ್ಚಿದ್ದರೂ ಸಾಕು.

ವಿದೇಶದಲ್ಲಿರುವ ಒಟ್ಟು ವಿದ್ಯಾರ್ಥಿಗಳು ಸಂಗ್ರಹ. ಈ ವರ್ಷ ಕೊಟ್ಟ ವೀಸಾ, ಈ ವರ್ಷ ಹೊರಟವರು ಒಳಹರಿವು. 2022ರ ಅಕ್ಟೋಬರ್‌ನಿಂದ 2023ರ ಸೆಪ್ಟೆಂಬರ್‌ವರೆಗೆ ಅಮೆರಿಕ ಭಾರತದಲ್ಲಿ ಕೊಟ್ಟ ವಿದ್ಯಾರ್ಥಿ ವೀಸಾ 1.4 ಲಕ್ಷಕ್ಕೂ ಹೆಚ್ಚು. 2023-24ರಲ್ಲಿ ಅಮೆರಿಕದ ವಿದ್ಯಾರ್ಥಿ ಲೆಕ್ಕದಲ್ಲಿದ್ದ ಭಾರತೀಯರು ಮೂರು ಲಕ್ಷದ ಮೇಲೆ. ಎರಡೂ ನಿಜ. ಆದರೆ ಒಂದು ದೇಶದ ಒಳಹರಿವನ್ನು ಇನ್ನೊಂದು ದೇಶದ ಸಂಗ್ರಹದ ಎದುರು ನಿಲ್ಲಿಸಿದ ಹೋಲಿಕೆಗಳನ್ನು ಕರಪತ್ರಗಳಲ್ಲಿ ನಾನು ಎಷ್ಟೋ ಸಲ ನೋಡಿದ್ದೇನೆ. ಅಂಕಿಗಳನ್ನು ಬರೆದಿಡುವ ನಿಮ್ಮ ಶೀಟಿನಲ್ಲಿ ಪ್ರತಿ ಅಂಕಿಯ ಪಕ್ಕ "ಸಂ" ಅಥವಾ "ಒ" ಎಂದು ಬರೆದಿಡಿ. ಅಕ್ಷರ ಬೇರೆಯಾದರೆ ಹೋಲಿಸಬೇಡಿ.

ಹೆಜ್ಜೆ 5: ಒಟ್ಟು ಮೊತ್ತವನ್ನು ಒಡೆದು ನೋಡಿ

ಈ ಹೆಜ್ಜೆಗೆ ಹೆಚ್ಚು ಸಮಯ ಕೊಡಿ. ಪೆನ್ನು ಹಿಡಿದು ನನ್ನ ಜೊತೆಗೇ ಮಾಡಿ ನೋಡಿ.

ಅಮೆರಿಕಕ್ಕೆ ಬರುವ ವಿದೇಶಿ ವಿದ್ಯಾರ್ಥಿಗಳನ್ನು ಇನ್‌ಸ್ಟಿಟ್ಯೂಟ್ ಆಫ್ ಇಂಟರ್‌ನ್ಯಾಷನಲ್ ಎಜುಕೇಷನ್ ಎಂಬ ಸಂಸ್ಥೆ 1919ರಿಂದ ಎಣಿಸುತ್ತಿದೆ. ಅದರ ವಾರ್ಷಿಕ ವರದಿಯ ಹೆಸರು ಓಪನ್ ಡೋರ್ಸ್. 2022-23ರಲ್ಲಿ ಭಾರತೀಯರು 2,68,923. 2023-24ರಲ್ಲಿ 3,31,602. ಏರಿಕೆ 62,679, ಅಂದರೆ ಶೇ 23. ಆ ವರ್ಷ ಚೀನಾದವರು 2,77,398. ಭಾರತ ಮೊದಲ ಸ್ಥಾನಕ್ಕೆ ಬಂತು. ಪತ್ರಿಕೆಗಳೆಲ್ಲ ಬರೆದದ್ದು ಇಷ್ಟನ್ನೇ.

ಈಗ 3,31,602ನ್ನು ಒಡೆಯಿರಿ. ಸ್ನಾತಕೋತ್ತರ ಮತ್ತು ಪಿಎಚ್‌ಡಿ 1,96,567. ಪದವಿ 36,053. ಪದವಿಯಿಲ್ಲದ ಸಣ್ಣ ಕೋರ್ಸು 1,426. ಉಳಿದ 97,556 ಜನ ಓಪಿಟಿಯಲ್ಲಿ ಇದ್ದವರು. ಓಪಿಟಿ ಎಂದರೆ ಓದಿಗೆ ಸಂಬಂಧಿಸಿದ ಕೆಲಸ ಮಾಡಲು ವಿದ್ಯಾರ್ಥಿ ವೀಸಾದಲ್ಲೇ ಸಿಗುವ ಅನುಮತಿ. ಬಹುತೇಕರು ಓದು ಮುಗಿಸಿದ ಮೇಲೆ ಅದನ್ನು ಬಳಸುತ್ತಾರೆ. ಸಾಮಾನ್ಯವಾಗಿ ಒಂದು ವರ್ಷ, ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿಷಯದವರಿಗೆ ಇನ್ನೂ ಎರಡು ವರ್ಷ. "ಅಮೆರಿಕದಲ್ಲಿ ಓದುತ್ತಿರುವ ಭಾರತೀಯರು" ಎಂದು ನಾವು ಓದುವ ಅಂಕಿಯಲ್ಲಿ ನೂರಕ್ಕೆ 29 ಜನ ಓದಿನಿಂದ ಉದ್ಯೋಗಕ್ಕೆ ದಾಟಿದವರು.

ಮುಂದಿನ ವರ್ಷ ಇನ್ನೂ ಸ್ಪಷ್ಟ. 2024-25ರಲ್ಲಿ ಒಟ್ಟು ಭಾರತೀಯರು 3,63,019. ಹಿಂದಿನ ವರ್ಷಕ್ಕಿಂತ ಶೇ 9.5 ಏರಿಕೆ. ಅದೇ ವರದಿಯಲ್ಲಿ ಸ್ನಾತಕೋತ್ತರ ಮತ್ತು ಪಿಎಚ್‌ಡಿ ವಿಭಾಗದವರು 1,77,892, ಶೇ 9.5 ಇಳಿಕೆ. ಓಪಿಟಿಯವರು 1,43,740ಕ್ಕೆ ಜಿಗಿದಿದ್ದರು. ತರಗತಿಯಲ್ಲಿ ಕೂತವರು ಕಡಿಮೆಯಾಗಿದ್ದಾರೆ, ಹಿಂದೆ ಓದಿ ಮುಗಿಸಿದವರ ದೊಡ್ಡ ಅಲೆ ಕೆಲಸದ ಹಂತಕ್ಕೆ ಬಂದಿದೆ, ಕೂಡಿಸಿದಾಗ ಮೊತ್ತ ಏರಿದಂತೆ ಕಾಣುತ್ತದೆ. ಒಳಹರಿವು ಇಳಿಯುತ್ತಿರುವಾಗಲೂ ತುಂಬಿಯೇ ಇರುವ ಜಲಾಶಯ ಇದು.

ಮಸ್ಕಿಯ ಕಡೆಯ ರೈತರೊಬ್ಬರು ತಂದಿದ್ದ ಕರಪತ್ರದಲ್ಲಿ ಏರಿಕೆ ಮಾತ್ರ ದೊಡ್ಡ ಅಕ್ಷರದಲ್ಲಿತ್ತು. ಮಗಳನ್ನು ಎಂಎಸ್‌ಗೆ ಕಳಿಸುವ ಯೋಚನೆ ಅವರದು. ಅವರಿಗೆ ಬೇಕಿದ್ದ ಅಂಕಿ ಸ್ನಾತಕೋತ್ತರದ ಸಾಲಿನಲ್ಲಿತ್ತು, ಮೊತ್ತದ ಸಾಲಿನಲ್ಲಿ ಅಲ್ಲ. ಇಬ್ಬರೂ ಕೂತು ಮೇಲಿನ ಕಳೆಯುವ ಲೆಕ್ಕವನ್ನು ಮಾಡಿದೆವು. "ಹಂಗಾದ್ರ ಇದು ಏರಿದ್ದಲ್ಲ, ನಿಂತ ನೀರು" ಅಂದರು. ನಾನು ಅರ್ಧ ಗಂಟೆ ಹೇಳಿದ್ದನ್ನು ಅವರು ಒಂದು ಮಾತಿನಲ್ಲಿ ಹೇಳಿ ಮುಗಿಸಿದರು.

ಹೆಜ್ಜೆ 6: ಅದೇ ಸಂಗತಿಗೆ ಇನ್ನೊಬ್ಬರ ಲೆಕ್ಕ ಇಡಿ

ಕಳಿಸಿದ ದೇಶದ ಅಂಕಿ, ಬರಮಾಡಿಕೊಂಡ ದೇಶದ ಅಂಕಿ ಎರಡನ್ನೂ ಎದುರುಬದುರು ಇಟ್ಟರೆ ಯಾರ ಜರಡಿ ಎಷ್ಟು ಸಣ್ಣದು ಎಂದು ತಿಳಿಯುತ್ತದೆ. ಅಮೆರಿಕದ ವಿಷಯದಲ್ಲಿ ಓಪನ್ ಡೋರ್ಸ್ 3,31,602 ಎಂದಿತು. ವಿದೇಶಾಂಗ ಸಚಿವಾಲಯ 2024ಕ್ಕೆ ಕೊಟ್ಟದ್ದು 3,37,630. ಅಮೆರಿಕದ ಸರ್ಕಾರವೇ ನಡೆಸುವ ಸೆವಿಸ್ ದಾಖಲೆಯಲ್ಲಿ 2023ಕ್ಕೆ 3,77,620. ಮೂರನೆಯದು ಯಾಕೆ ದೊಡ್ಡದು? ಓಪನ್ ಡೋರ್ಸ್ ಕಾಲೇಜುಗಳನ್ನು ಕೇಳಿ ಶೈಕ್ಷಣಿಕ ವರ್ಷಕ್ಕೆ ಎಣಿಸುತ್ತದೆ. ಸೆವಿಸ್ ಎಣಿಸುವುದು ಕ್ಯಾಲೆಂಡರ್ ವರ್ಷದಲ್ಲಿ ಚಾಲ್ತಿಯಲ್ಲಿದ್ದ ವೀಸಾ ದಾಖಲೆಗಳನ್ನು. ಶಾಲಾ ಮಕ್ಕಳು, ವೃತ್ತಿ ತರಬೇತಿಯವರೂ ಅದರಲ್ಲಿದ್ದಾರೆ.

ಬ್ರಿಟನ್ನಿನಲ್ಲೂ ಹೀಗೆ. ನಮ್ಮ ಸಚಿವಾಲಯದ ಲೆಕ್ಕ 1.85 ಲಕ್ಷ, ಹೆಸಾದ 2023-24ರ ಲೆಕ್ಕ 1,66,310. ಇಂಥ ಅಂತರ ಕಂಡಾಗ ಒಂದನ್ನು ಸುಳ್ಳು ಎಂದು ಹೊಡೆದುಹಾಕಬೇಡಿ, ಎರಡರ ಸರಾಸರಿಯನ್ನೂ ತೆಗೆಯಬೇಡಿ. ಬೇರೆಬೇರೆ ಸಂಗತಿಗಳ ಸರಾಸರಿ ಮೂರನೇ ಯಾವ ಸಂಗತಿಯೂ ಆಗುವುದಿಲ್ಲ. ನಿಮ್ಮ ಪ್ರಶ್ನೆಯ ವಾಕ್ಯಕ್ಕೆ ಹತ್ತಿರವಾದದ್ದನ್ನು ಆರಿಸಿ, ವರ್ಷದಿಂದ ವರ್ಷಕ್ಕೆ ಅದನ್ನೇ ಬಳಸಿ. ನನ್ನ ಅನುಭವದಲ್ಲಿ, ಓದಿನ ಪ್ರಶ್ನೆಯಾದರೆ ಬರಮಾಡಿಕೊಂಡ ದೇಶದ ಕಾಲೇಜುಗಳು ಕೊಟ್ಟ ಲೆಕ್ಕವೇ ಹೆಚ್ಚು ಗಟ್ಟಿ. ಶುಲ್ಕ ತೆಗೆದುಕೊಂಡವರಿಗೆ ತಲೆ ಎಷ್ಟು ಎಂದು ಗೊತ್ತಿರುತ್ತದೆ.

ಹೆಜ್ಜೆ 7: ಯಾವುದರಲ್ಲಿ ಎಷ್ಟು?

ಒಟ್ಟು ಸಂಖ್ಯೆ ದೊಡ್ಡ ದೇಶಕ್ಕೆ ದೊಡ್ಡದಾಗಿಯೇ ಇರುತ್ತದೆ. ಭಾಗಿಸಿ ನೋಡಿ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಪ್ರತಿ ನಾಲ್ವರಲ್ಲಿ ಒಬ್ಬರು ಹೊರದೇಶದವರು. ಅಮೆರಿಕದಲ್ಲಿ ಒಟ್ಟು ಸಂಖ್ಯೆ ಬ್ರಿಟನ್ನಿಗಿಂತ ಹೆಚ್ಚಿದ್ದರೂ ಪಾಲು ಶೇ 6 ಮಾತ್ರ. ಭಾರತದಲ್ಲಿ 4.33 ಕೋಟಿ ವಿದ್ಯಾರ್ಥಿಗಳಿಗೆ 46,878, ಅಂದರೆ ಸಾವಿರಕ್ಕೆ ಒಬ್ಬರು. ಕರ್ನಾಟಕ 2020-21ರಲ್ಲಿ 8,137 ವಿದೇಶಿ ವಿದ್ಯಾರ್ಥಿಗಳೊಂದಿಗೆ ರಾಜ್ಯಗಳಲ್ಲೇ ಮೊದಲಿತ್ತು. ಆದರೆ "ಕರ್ನಾಟಕ" ಎಂಬ ಆ ಒಂದು ಸಾಲಿನೊಳಗೆ ಬೆಂಗಳೂರೂ ಇದೆ, ನಮ್ಮ ದೇವದುರ್ಗವೂ ಇದೆ. ಆ ಮೊದಲ ಸ್ಥಾನದಿಂದ ನಮ್ಮ ಜಿಲ್ಲೆಯ ಬಗ್ಗೆ ಏನನ್ನೂ ತೀರ್ಮಾನಿಸಬೇಡಿ.

ಶೇಕಡಾ ಏರಿಕೆ ಹೇಳುವಾಗ ಯಾವ ವರ್ಷದಿಂದ ಅಳೆದಿರಿ ಎಂಬುದೇ ಎಲ್ಲ. ವಲಸೆ ಬ್ಯೂರೊದ ಲೆಕ್ಕದಲ್ಲಿ ಓದಿಗೆ ಹೊರಟವರು 2020ರಲ್ಲಿ 2,59,655, 2022ರಲ್ಲಿ 7,50,365. ಹತ್ತಿರ ಹತ್ತಿರ ಮೂರು ಪಟ್ಟು! ಆದರೆ 2020 ವಿಮಾನಗಳೇ ನಿಂತಿದ್ದ ವರ್ಷ. 2019ರ 5,86,337ರಿಂದ ಅಳೆದರೆ ಏರಿಕೆ ಶೇ 28. ಕೋವಿಡ್ ವರ್ಷವನ್ನು ಬುಡವಾಗಿ ಇಟ್ಟ ಯಾವ ಹೋಲಿಕೆಯನ್ನೂ ನಾನು ಒಪ್ಪುವುದಿಲ್ಲ. ಬಾವಿ ಬತ್ತಿದ ವರ್ಷದಿಂದ ನೀರಿನ ಏರಿಕೆ ಅಳೆದ ಹಾಗೆ ಅದು.

ಹೆಜ್ಜೆ 8: ಸರಣಿ ಎಲ್ಲಿ ತುಂಡಾಗಿದೆ ಎಂದು ಗುರುತು ಹಾಕಿ

ರಾಯಚೂರು, ಕೊಪ್ಪಳ, ಬಳ್ಳಾರಿ, ನಮ್ಮ ಈ ಮೂರು ಜಿಲ್ಲೆಗಳ ಲೆಕ್ಕಕ್ಕೆ ಈ ದಿನಾಂಕಗಳನ್ನು ಶೀಟಿನ ಮೇಲ್ಭಾಗದಲ್ಲೇ ಬರೆದಿಟ್ಟುಕೊಳ್ಳಿ. 1997: ಕೊಪ್ಪಳ ರಾಯಚೂರಿನಿಂದ ಬೇರೆಯಾಯಿತು. 2014ರ ಜೂನ್ 2: ತೆಲಂಗಾಣ ರಾಜ್ಯವಾಯಿತು, ಅಂದಿನವರೆಗೆ "ಆಂಧ್ರಪ್ರದೇಶಕ್ಕೆ ಹೋದವರು" ಎಂಬ ಸಾಲಿನಲ್ಲಿದ್ದ ಹೈದರಾಬಾದಿನ ವಿದ್ಯಾರ್ಥಿಗಳು ಬೇರೆ ಸಾಲಿಗೆ ಹೋದರು. 2021: ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆ ಬಳ್ಳಾರಿಯಿಂದ ಬೇರೆಯಾಯಿತು. ಈ ಗುರುತಿಲ್ಲದೆ 2019 ಮತ್ತು 2023ರ ಬಳ್ಳಾರಿಯನ್ನು ಹೋಲಿಸಿದರೆ ವಿದ್ಯಾರ್ಥಿಗಳು ಎಲ್ಲೋ ಮಾಯವಾದಂತೆ ಕಾಣುತ್ತದೆ. ಅವರು ಹೊಸಪೇಟೆಯಲ್ಲೇ ಇದ್ದಾರೆ. ಆಂಧ್ರ ಮತ್ತು ತೆಲಂಗಾಣದ ನಡುವೆ ಪ್ರವೇಶದ ಹಳೆಯ ಕೋಟಾ ಹತ್ತು ವರ್ಷ ಮುಂದುವರಿಯಲಿ ಎಂದು ವಿಭಜನೆಯ ಕಾಯ್ದೆ ಹೇಳಿತ್ತು, ಆ ಅವಧಿ 2024ರ ಜೂನ್ 2ಕ್ಕೆ ಮುಗಿಯಿತು. ಅಲ್ಲಿನ ಅಂಕಿ ಮುಟ್ಟುವವರು ಅದನ್ನೂ ಗುರುತು ಹಾಕಲಿ.

ದೇಶದೊಳಗಿನ ವಲಸೆಗೆ ದೊಡ್ಡ ಆಧಾರ ಜನಗಣತಿ. ಕೊನೆಯ ವಾಸದ ಸ್ಥಳ ಬಿಟ್ಟು ಬಂದ ಕಾರಣಗಳಲ್ಲಿ "ಶಿಕ್ಷಣ" ಎಂಬ ಕಲಂ ಅದರಲ್ಲಿದೆ. ಆದರೆ ಕೈಯಲ್ಲಿರುವುದು 2011ರದ್ದು. ಮುಂದಿನ ಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಕಾರ್ಮಿಕ ಬಲ ಸಮೀಕ್ಷೆ 2020-21ರಲ್ಲಿ ವಲಸೆಯ ಪ್ರಶ್ನೆಗಳನ್ನು ಕೇಳಿತ್ತು, ಆದರೆ ಅದು ಮಾದರಿ ಸಮೀಕ್ಷೆ. ರಾಜ್ಯದ ಮಟ್ಟಕ್ಕೆ ಸರಿ, ಒಂದು ಜಿಲ್ಲೆಯ ವಿದ್ಯಾರ್ಥಿಗಳ ಮಟ್ಟಕ್ಕೆ ಇಳಿಸಿದರೆ ಬೆರಳೆಣಿಕೆಯ ಮನೆಗಳ ಮೇಲೆ ಇಡೀ ಜಿಲ್ಲೆಯನ್ನು ನಿಲ್ಲಿಸಿದ ಹಾಗಾಗುತ್ತದೆ.

ಹೆಜ್ಜೆ 9: ಜಿಲ್ಲೆಯ ಲೆಕ್ಕವನ್ನು ನೀವೇ ಮಾಡಿ

2022ರ ಫೆಬ್ರವರಿ ಕೊನೆಯಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ನಮ್ಮ ಜಿಲ್ಲೆಯ ಮಕ್ಕಳು ಅಲ್ಲಿ ಎಷ್ಟಿದ್ದಾರೆ? ಸಹಾಯವಾಣಿಗೆ ಫೋನ್ ಮಾಡಿದ ಪಾಲಕರಿಂದಲೇ ಪಟ್ಟಿ ಬೆಳೆಯಬೇಕಾಯಿತು. ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ವಿದ್ಯಾರ್ಥಿಗಳು ನೋಂದಾಯಿಸಿಕೊಳ್ಳಬಹುದು, ಆದರೆ ಮಾಡುವವರು ಮಾಡುತ್ತಾರೆ, ಬಿಡುವವರು ಬಿಡುತ್ತಾರೆ. ಆ ವಾರದ ಆತಂಕವನ್ನು ನಾನು ಮರೆತಿಲ್ಲ. ಪ್ರತಿ ಪಿಯು ಕಾಲೇಜು ತನ್ನ ಹಳೆಯ ವಿದ್ಯಾರ್ಥಿಗಳ ಒಂದು ಸರಳ ಪಟ್ಟಿ ಇಟ್ಟಿದ್ದರೆ, ಹುಡುಕಾಟ ಫೋನ್ ಕರೆಗಳಿಗಾಗಿ ಕಾಯುತ್ತ ಕೂರುತ್ತಿರಲಿಲ್ಲ.

ಮಾಡುವುದು ಕಷ್ಟವಲ್ಲ. ಒಂದು ಕಾಲೇಜಿನ, ಒಂದು ವರ್ಷದ, ಪಾಸಾದವರ ಪೂರ್ತಿ ಪಟ್ಟಿ ತೆಗೆದುಕೊಳ್ಳಿ. ಫೋನ್‌ಗೆ ಸಿಕ್ಕವರನ್ನು ಮಾತ್ರ ಹಿಡಿಯಬೇಡಿ. ಹೊರಗೆ ಹೋದವರ ನಂಬರ್ ಬದಲಾಗಿರುತ್ತದೆ, ನೀವು ಹುಡುಕುತ್ತಿರುವವರೇ ತಪ್ಪಿಹೋಗುತ್ತಾರೆ. ಸಿಗದವರಿಗೆ "ತಿಳಿಯದು" ಎಂದು ಬರೆಯಿರಿ, ಸೊನ್ನೆ ಹಾಕಬೇಡಿ. ಐದು ಪ್ರಶ್ನೆ ಸಾಕು: ಈಗ ಓದುತ್ತಿದ್ದೀರಾ, ಯಾವ ಕೋರ್ಸು, ಕಾಲೇಜು ಯಾವ ಊರಲ್ಲಿ, ನೀವು ರಾತ್ರಿ ಮಲಗುವುದು ಯಾವ ಊರಲ್ಲಿ, ಪಿಯುಸಿಗೆ ಮುಂಚಿನ ಮೂರು ವರ್ಷ ಎಲ್ಲಿ ವಾಸವಿದ್ದಿರಿ.

ನಾಲ್ಕನೇ ಪ್ರಶ್ನೆ ಯಾಕೆ ಎಂದು ಕೇಳುತ್ತಾರೆ. ರಾಯಚೂರಿನ ಐಐಐಟಿಯನ್ನೇ ನೋಡಿ. 2019ರಲ್ಲಿ ಅದು ಶುರುವಾದಾಗ ಹೆಸರು ರಾಯಚೂರಿನದು, ತರಗತಿಗಳು ನಡೆದದ್ದು ತೆಲಂಗಾಣದ ಐಐಟಿ ಹೈದರಾಬಾದ್ ಆವರಣದಲ್ಲಿ. ಸಂಸ್ಥೆಯ ವಿಳಾಸ ನೋಡಿ ಎಣಿಸಿದವರಿಗೆ ಆ ವಿದ್ಯಾರ್ಥಿಗಳು ಕರ್ನಾಟಕಕ್ಕೆ ಬಂದವರು, ಹಾಸಿಗೆ ನೋಡಿ ಎಣಿಸಿದವರಿಗೆ ತೆಲಂಗಾಣಕ್ಕೆ ಹೋದವರು. ದೂರಶಿಕ್ಷಣ, ಆನ್‌ಲೈನ್ ಪದವಿಗಳಲ್ಲೂ ಇದೇ ತೊಡಕು: ಕಾಲೇಜು ಹೊರಗೆ, ಹುಡುಗಿ ಸಿರುಗುಪ್ಪದ ಮನೆಯಲ್ಲೇ.

ಸಣ್ಣ ಸಂಖ್ಯೆಗಳಿಗೆ ಶೇಕಡಾ ಹಚ್ಚಬೇಡಿ. ಹೋದ ವರ್ಷ ಇಬ್ಬರು, ಈ ವರ್ಷ ನಾಲ್ವರು ಜಾರ್ಜಿಯಾಕ್ಕೆ ಹೋದರೆಂದು ಇಟ್ಟುಕೊಳ್ಳಿ. "ಶೇ 100 ಏರಿಕೆ" ಎಂಬುದಕ್ಕಿಂತ "ಇಬ್ಬರಿಂದ ನಾಲ್ವರು" ಎಂಬುದೇ ಪ್ರಾಮಾಣಿಕ. ಇನ್ನೊಂದು ಮಾತು ಖಡಾಖಂಡಿತ: ಹತ್ತಕ್ಕಿಂತ ಕಡಿಮೆ ಇರುವ ಗುಂಪನ್ನು ಊರು, ಜಾತಿ, ಕೋರ್ಸು ಎಂದು ಒಡೆದು ಪ್ರಕಟಿಸಬೇಡಿ. ನಮ್ಮ ಹಳ್ಳಿಗಳಲ್ಲಿ "ಇಂಥ ಊರಿನ, ಫಿಲಿಪ್ಪೀನ್ಸ್‌ನಲ್ಲಿ ಓದುವ ಹುಡುಗಿ" ಎಂದರೆ ಮನೆ ಬಾಗಿಲಿನವರೆಗೂ ಗುರುತು ಸಿಗುತ್ತದೆ.

ಹೆಜ್ಜೆ 10: ಹೋಲಿಕೆಯನ್ನು ಬರೆಯುವುದು

ಶೀಟಿನಲ್ಲಿ ಪ್ರತಿ ಅಂಕಿಗೂ ಆರು ಕಲಂ ಇರಲಿ: ಅಂಕಿ, ಕೊಟ್ಟವರು, ಎಣಿಸಿದ ದಿನ ಅಥವಾ ಅವಧಿ, ಎಣಿಸಿದ್ದು ಏನನ್ನು, ಊರನ್ನು ಗುರುತಿಸಿದ್ದು ಹೇಗೆ, ಬಿಟ್ಟುಹೋದವರು ಯಾರು. ಕೊನೆಯ ಕಲಂ ಖಾಲಿ ಇದ್ದರೆ ಆ ಅಂಕಿಯನ್ನು ಇನ್ನೂ ಓದಿಲ್ಲ ಎಂದೇ ಅರ್ಥ. ಮಿಲಿಯನ್ನನ್ನು ಲಕ್ಷಕ್ಕೆ ತಿರುಗಿಸುವಾಗ ಎರಡು ಸಲ ಪರೀಕ್ಷಿಸಿ. ಜಗತ್ತಿನಲ್ಲಿ ಗಡಿ ದಾಟಿ ಓದುವವರು 2021ರ ಹೊತ್ತಿಗೆ 6.4 ಮಿಲಿಯನ್, ಅಂದರೆ 64 ಲಕ್ಷ. ಅದನ್ನು 6.4 ಲಕ್ಷ ಎಂದು ಬರೆದ ಉತ್ತರಪತ್ರಿಕೆಗಳನ್ನು ನಾನು ತಿದ್ದಿದ್ದೇನೆ.

ಆಮೇಲೆ ವಾಕ್ಯ. "ಅಮೆರಿಕಕ್ಕೆ ಹೋಗುವವರು ಹೆಚ್ಚಾದರು" ಎನ್ನಬೇಡಿ. ಹೀಗೆ ಬರೆಯಿರಿ: "ಓಪನ್ ಡೋರ್ಸ್ ಪ್ರಕಾರ 2023-24ರಿಂದ 2024-25ಕ್ಕೆ ಅಮೆರಿಕದಲ್ಲಿ ಸ್ನಾತಕೋತ್ತರ ಮತ್ತು ಪಿಎಚ್‌ಡಿ ಓದುತ್ತಿದ್ದ ಭಾರತೀಯರು 1,96,567ರಿಂದ 1,77,892ಕ್ಕೆ ಇಳಿದರು, ಓಪಿಟಿಯಲ್ಲಿದ್ದವರು ಇದರಲ್ಲಿ ಸೇರಿಲ್ಲ." ಉದ್ದವಾಯಿತು ಎನಿಸಿದರೂ ಒಂದು ಪದವನ್ನೂ ಕಳೆಯಬೇಡಿ.

ಮಸ್ಕಿಯ ಆ ರೈತರು ಎರಡು ವಾರ ಬಿಟ್ಟು ಮತ್ತೆ ಬಂದರು. ಶೀಟನ್ನು ಮಗಳ ಕೈಲಿ ಪೆನ್ಸಿಲ್‌ನಲ್ಲಿ ತುಂಬಿಸಿದ್ದರು. ಮೂರು ವಿಶ್ವವಿದ್ಯಾಲಯಗಳ ಸಾಲಿನಲ್ಲಿ ಕೊನೆಯ ಕಲಂ ಖಾಲಿ ಇತ್ತು. ಅಲ್ಲೇ ಕೂತು ಮೂರಕ್ಕೂ ಒಂದೇ ಮಿಂಚಂಚೆ ಬರೆದೆವು: ನಿಮ್ಮ ಕೋರ್ಸಿಗೆ ಕಳೆದ ವರ್ಷ ಭಾರತದಿಂದ ಸೇರಿದವರು ಎಷ್ಟು, ಅವರಲ್ಲಿ ಎರಡನೇ ವರ್ಷಕ್ಕೆ ಬಂದವರು ಎಷ್ಟು, ಮುಗಿಸಿದವರು ಎಷ್ಟು. ಕಳಿಸುವ ಗುಂಡಿಯನ್ನು ಮಗಳೇ ಒತ್ತಿದಳು.